ಒಂದು ವಾರ ಹಿಂದಿನ ಊರು

ಯೆರೂಸಲೇಮ್
ಶೆಮಿನಿ ಓದಿನ ವಾರ, ಸೋಮವಾರ, 5755

ತಮ್ಮ ಆನ್ಶೆಲ್‌ಗೆ,

ಅಕ್ಷರದ ಗುರುತು ಸಿಕ್ಕಿತೋ ಇಲ್ಲವೋ. ಸಿಕ್ಕಿದ್ದರೆ, ಹರಿದು ಹಾಕುವ ಮೊದಲು ಒಂದು ಸಲ ಓದು. ಹರಿಯುವುದಕ್ಕೆ ಆಮೇಲೂ ಸಮಯವಿರುತ್ತದೆ.

ಈ ವಾರದ ಓದಿನಲ್ಲಿ, ಶನಿವಾರ ಸಬ್ಬತ್ ದಿನ ಸಿನಗಾಗಿನಲ್ಲಿ ಓದುವ ತೋರಾದ ಭಾಗದಲ್ಲಿ, ಆರೋನನ ಇಬ್ಬರು ಮಕ್ಕಳು ಸಾಯುತ್ತಾರೆ. ಬೆಳಗ್ಗೆ ಹಬ್ಬ, ಮಧ್ಯಾಹ್ನ ಹೆಣ. ‘ಆರೋನನು ಮೌನವಾಗಿದ್ದನು’ ಎಂದಷ್ಟೇ ಹೇಳಿ ತೋರಾ ಮುಂದಕ್ಕೆ ಹೋಗಿಬಿಡುತ್ತದೆ. ನಲವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಸಾಲನ್ನು ಹೊಗಳಿ ಹೊಗಳಿ ಪಾಠ ಮಾಡಿದವಳು ನಾನು. ನೋಡಿ ಮಕ್ಕಳೇ, ಸಂಕಟದಲ್ಲಿ ಬಾಯಿ ಮುಚ್ಚಿಕೊಳ್ಳುವುದು ಎಷ್ಟು ದೊಡ್ಡ ಗುಣ! ಇವತ್ತು ಅದನ್ನೇ ಓದುವಾಗ ನನ್ನ ಮೇಲೆ ನನಗೇ ನಗು ಬಂತು. ಆರೋನನ ಮೌನ ದುಃಖದ್ದು. ನಮ್ಮಿಬ್ಬರದು ಬರೀ ಜಂಬದ್ದು.

ಅಪ್ಪ ಹೋಗಿ ಈ ಚಳಿಗಾಲಕ್ಕೆ ಹತ್ತೊಂಬತ್ತು ವರ್ಷ. ನಮ್ಮ ಪಂಚಾಂಗದಲ್ಲಿ ಹತ್ತೊಂಬತ್ತು ವರ್ಷಕ್ಕೊಮ್ಮೆ ಸೂರ್ಯ ಚಂದ್ರರ ಲೆಕ್ಕ ಮತ್ತೆ ಕೂಡಿಬರುತ್ತದೆ. ಅವರಿಬ್ಬರಿಗೆ ಆಗುವುದಾದರೆ ನಮಗೇಕೆ ಆಗಬಾರದು?

ಒಂದು ಒಪ್ಪಂದ ಮಾಡಿಕೊಳ್ಳೋಣ. ವಾರದ ಓದಿನ ಬಗ್ಗೆ ಮಾತ್ರ ಬರೆಯೋಣ. ಅಪ್ಪನ ವಿಷಯ ಬೇಡ. ಫೋನಂತೂ ಬೇಡವೇ ಬೇಡ. ಅದರಲ್ಲಿ ನಾವು ಕೊನೆಗೆ ಆಡಿದ ಮಾತು ನನಗೆ ಮರೆತಿಲ್ಲ, ನಿನಗೂ ಮರೆತಿರಲಾರದು.

ಪಕ್ಕದ ಮನೆಯ ಪೆಸ್ಯಾ ಬಗ್ಗಿ ನೋಡಿ, “ಈ ವಯಸ್ಸಲ್ಲಿ ಯಾರಿಗೇ ಪ್ರೇಮಪತ್ರ?” ಎಂದಳು. “ಶತ್ರುಗೆ ಕಣೇ” ಎಂದೆ. ಅವಳು ನಗಲಿಲ್ಲ, ಒಳಗೆ ಹೋಗಿ ಒಂದು ಅಂಚೆಚೀಟಿ ತಂದುಕೊಟ್ಟಳು.

ನಿನ್ನ ಅಕ್ಕ,
ಫ್ರೂಮಾ


ಆಂಟ್‌ವರ್ಪ್
ಮೆತ್ಸೋರಾ ಓದಿನ ವಾರ, ಮಂಗಳವಾರ, 4 ಏಪ್ರಿಲ್ 1995

ಮಾನ್ಯ ಶ್ರೀಮತಿ ಫ್ರೂಮಾ ಲಿಖ್ತಿಗ್ ಅವರಿಗೆ,

ತಮ್ಮ ಕಾಗದ ತಲುಪಿತು. ತಾವು ಕ್ಷೇಮವೆಂದು ಭಾವಿಸುತ್ತೇನೆ.

ವಾರದ ಓದಿನ ಬಗ್ಗೆ ಮಾತ್ರ ಬರೆಯಬೇಕೆಂದು ಅಪ್ಪಣೆಯಾಗಿದೆ. ಆಗಲಿ. ಈ ವಾರದ ಓದು ಚರ್ಮರೋಗದವನ ಬಗ್ಗೆ. ಕೆಟ್ಟ ಮಾತಾಡಿದವನಿಗೆ ಆ ರೋಗ ಬರುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಬಂದವನು ಊರಾಚೆ ಒಬ್ಬನೇ ಕೂರಬೇಕು. ಯಾಜಕ ಬಂದು ನೋಡಿ, ವಾಸಿಯಾಗಿದೆ ಎಂದರೆ ಮಾತ್ರ ಒಳಗೆ. ಹತ್ತೊಂಬತ್ತು ವರ್ಷ ಊರಾಚೆ ಕೂತವರು ಯಾರು, ಕೂರಿಸಿದವರು ಯಾರು ಎಂದು ತಮಗೆ ಗೊತ್ತಿದೆ. ನನ್ನ ಹೆಂಡತಿ ರೈಜಲ್ ತೀರಿಕೊಂಡು ಆರು ವರ್ಷವಾಯಿತು. ಆಗಲೂ ಯಾಜಕರು ಇತ್ತ ಬರಲಿಲ್ಲ.

ನನ್ನ ಸುದ್ದಿ ಹೇಳುವಂಥದ್ದೇನಿಲ್ಲ. ಟೋಪಿ ಅಂಗಡಿ ನಡೆಯುತ್ತಿದೆ. ಹಬ್ಬ ಹತ್ತಿರ ಬಂತಲ್ಲ, ಊರಿನ ಗಂಡಸರೆಲ್ಲ ನಜ್ಜಿದ ಕರಿಟೋಪಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಸಿನಗಾಗಿನಲ್ಲಿ ಪ್ರತಿ ಸಬ್ಬತ್ ದಿನ ತೋರಾ ಓದುವವನು ಈಗಲೂ ನಾನೇ. ಮೂವತ್ತೊಂದು ವರ್ಷವಾಯಿತು.

ಪೆಸಾಖ್ ಹಬ್ಬ ತಮಗೆ ಸುಖವಾಗಿ ಕಳೆಯಲಿ.

ಆನ್ಶೆಲ್ ಗ್ರಾಸ್

ತಮ್ಮ ಕಾಗದವನ್ನು ಹರಿದಿಲ್ಲ. ಒಂದು ಖಾಲಿ ಟೋಪಿ ಡಬ್ಬಿಯಲ್ಲಿ ಇಟ್ಟಿದ್ದೇನೆ.


ಯೆರೂಸಲೇಮ್
ಕೆದೋಶೀಮ್ ಓದಿನ ವಾರ, ಸೋಮವಾರ, 5755

ಆನ್ಶೆಲ್,

ಮಾನ್ಯ ಶ್ರೀಮತಿಯಂತೆ! ತಾವಂತೆ! ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ಆ ಸಾಲನ್ನು ಪೆಸ್ಯಾಗೆ ಓದಿ ಹೇಳಿದೆ. “ಇವನು ನಿನ್ನ ತಮ್ಮನೋ, ತೆರಿಗೆ ಆಫೀಸಿನವನೋ?” ಎಂದಳು. ಆದರೂ ಡಬ್ಬಿಯ ವಿಷಯ ಓದಿ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ರೈಜಲ್ ಹೋದಾಗ ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಅದು ನನ್ನ ತಪ್ಪು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಅಂದಹಾಗೆ, ಇನ್ನು ಬೇಸಿಗೆ ಪೂರ್ತಿ ನೀನು ನನ್ನ ತಂಗಳು ತಿನ್ನಬೇಕು, ಗೊತ್ತಲ್ಲ? ಪೆಸಾಖ್ ನಮಗೆ ಏಳು ದಿನ, ಹೊರದೇಶದ ನಿಮಗೆ ಎಂಟು. ಈ ವರ್ಷ ಆ ಎಂಟನೆಯ ದಿನ ಸರಿಯಾಗಿ ಸಬ್ಬತ್ತಿಗೇ ಬಿತ್ತು. ನೀವು ಹಬ್ಬದ ಓದು ಓದಿದಿರಿ, ನಾವು ವಾರದ ಓದಿಗೆ ಹೊರಟೆವು. ಅಲ್ಲಿಂದ ನಾವು ಒಂದು ವಾರ ಮುಂದೆ. ನಮ್ಮಲ್ಲಿ ಈ ವಾರ ಕೆದೋಶೀಮ್, ನಿಮ್ಮಲ್ಲಿ ಮುಂದಿನ ವಾರ. ಜುಲೈ ಕೊನೆಗೆ ನೀವು ಎರಡು ಓದನ್ನು ಒಂದೇ ಸಲ ನುಂಗಿದಾಗಲೇ ನಮ್ಮನ್ನು ಹಿಡಿಯುವುದು. ಚಿಕ್ಕಂದಿನಲ್ಲೂ ಹೀಗೆಯೇ ನನ್ನ ಹಿಂದೆ ಓಡಿಬರುತ್ತಿದ್ದೆ, ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ.

ಕೆದೋಶೀಮ್‌ನಲ್ಲಿ ಒಂದು ಮಾತಿದೆ. ನಿನ್ನ ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸಬೇಡ, ಅವನನ್ನು ಗದರಿಸಿಯೇ ಗದರಿಸು. ಒಳಗೆ ಇಟ್ಟುಕೊಂಡರೆ ಕೊಳೆಯುತ್ತದೆ, ಹೊರಗೆ ಹಾಕು ಎಂದಷ್ಟೇ ಅರ್ಥ. ಅಡುಗೆಮನೆ ನಡೆಸುವ ಯಾವ ಹೆಂಗಸಿಗೂ ಇದು ಗೊತ್ತು. ಹಾಗಾಗಿ ನನ್ನ ಒಪ್ಪಂದವನ್ನು ನಾನೇ ಮುರಿಯುತ್ತಿದ್ದೇನೆ. ನಿನ್ನ ವಾರ ಬಂದಾಗ ನನ್ನನ್ನು ಬೈಯಿ. ಪೂರ್ತಿ ಬೈಯಿ.

ಹಬ್ಬದ ಗುಡಿಸುವುದು ತೊಳೆಯುವುದರಲ್ಲಿ ಸ್ವಲ್ಪ ಸೊರಗಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು. ಅರವತ್ತೆಂಟು ಆಯಿತಲ್ಲ.

ಅಕ್ಕ


ಆಂಟ್‌ವರ್ಪ್
ಕೆದೋಶೀಮ್ ಓದಿನ ವಾರ, ಬುಧವಾರ, 3 ಮೇ 1995

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು, ಸರಿಯಾಗಿ ನಮ್ಮ ಕೆದೋಶೀಮ್ ವಾರಕ್ಕೆ. ಅಂಚೆಯವನಿಗೂ ಪಂಚಾಂಗ ಗೊತ್ತಿದ್ದಂತಿದೆ.

ಬೈಯಿ ಎಂದಿದ್ದೀಯ. ಬೈಯುತ್ತೇನೆ.

ಅಪ್ಪ ಹೋದ ದಿನ ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಮಂಜು. ವಿಮಾನ ಮೇಲೇಳಲಿಲ್ಲ. ಕಂಬದ ಪಕ್ಕದ ಫೋನಿನಿಂದ ನಿನಗೆ ಹೇಳಿದೆ, “ಅಕ್ಕಾ, ಬೆಳಗ್ಗೆ ಆರಕ್ಕೆಲ್ಲ ಅಲ್ಲಿರ್ತೀನಿ. ಒಂದು ರಾತ್ರಿ ಕಾಯಿ. ಅಪ್ಪನ ಮುಖ ನೋಡ್ಬೇಕು.” ನೀನು ಹೇಳಿದ್ದು ಒಂದೇ ಮಾತು, “ಆಗಲ್ಲ.” ಆಮೇಲೆ ನೀನೇ ಫೋನ್ ಇಟ್ಟೆ. ನಾಣ್ಯಗಳು ಇನ್ನೂ ನನ್ನ ಕೈಯಲ್ಲೇ ಇದ್ದವು.

ಬೆಳಗ್ಗೆ ಬಂದಾಗ ನೀನು ನನ್ನನ್ನು ನೇರ ಸ್ಮಶಾನದ ಗುಡ್ಡಕ್ಕೆ ಕರೆದೊಯ್ದೆ. ಹಸಿ ಮಣ್ಣು ತೋರಿಸಿದೆ. “ಇಲ್ಲೇ” ಎಂದೆ. ಯಾರೋ ನಿವೇಶನ ತೋರಿಸಿದ ಹಾಗೆ. ನೀನು ಅಪ್ಪನನ್ನು ನನ್ನಿಂದ ಕದ್ದೆ ಎಂದು ಅವತ್ತು ನಾನು ಎಲ್ಲರೆದುರು ಕೂಗಿದೆ. ಕೂಗಬಾರದಿತ್ತು. ಆದರೆ ಮಾತು ಸುಳ್ಳಲ್ಲ. ಮಗನಾದವನು ಮಣ್ಣು ಹಾಕಲಿಲ್ಲ. ಹತ್ತೊಂಬತ್ತು ವರ್ಷದಿಂದ ಯಾರಾದರೂ “ನಿಮ್ಮ ತಂದೆ…” ಎಂದು ಬಾಯಿ ತೆರೆದರೆ ನನಗೆ ನೆನಪಾಗುವುದು ಆ ಫೋನಿನ ಕಂಬ, ಅಪ್ಪನ ಮುಖವಲ್ಲ.

ಒಂದು ರಾತ್ರಿ, ಅಕ್ಕಾ. ಯಾಕೆ ಕಾಯಲಿಲ್ಲ?

ಇಷ್ಟೇ ಬೈಗುಳ. ಮುಗಿಯಿತು. ಸಬ್ಬತ್ತಿನ ಓದಿಗೆ ತಯಾರಿ ಮಾಡಿಕೊಳ್ಳಬೇಕು.

ಆನ್ಶೆಲ್


ಯೆರೂಸಲೇಮ್
ಬೆಖುಕ್ಕೋತೈ ಓದಿನ ವಾರ, ಸೋಮವಾರ, 5755

ಆನ್ಶೆಲ್,

ಈ ವಾರದ ಓದಿನಲ್ಲಿ ಶಾಪಗಳ ದೊಡ್ಡ ಪಟ್ಟಿಯಿದೆ. ಓದುವವನು ಆ ಭಾಗ ಬಂದಾಗ ದನಿ ತಗ್ಗಿಸಿ ಬೇಗ ಬೇಗ ಓದಿ ಮುಗಿಸುತ್ತಾನೆ. ನಿನಗೆ ಗೊತ್ತಿರುವುದೇ. ನೀನು ನಿನ್ನದನ್ನು ಜೋರಾಗಿಯೇ ಓದಿದೆ. ನಾನೇ ಕೇಳಿಕೊಂಡದ್ದು, ಸರಿ.

ಯಾಕೆ ಕಾಯಲಿಲ್ಲ ಎಂದೆಯಲ್ಲ. ಯೆರೂಸಲೇಮಿನಲ್ಲಿ ಹೆಣವನ್ನು ರಾತ್ರಿ ಇಡುವ ಹಾಗಿಲ್ಲ. ಬೇರೆ ಊರಲ್ಲಿ ಬಂಧುಗಳಿಗಾಗಿ ಕಾಯಬಹುದು, ಇಲ್ಲಿ ಇಲ್ಲ. ಇದು ನಾನು ಮಾಡಿದ ಕಟ್ಟಳೆಯಲ್ಲ, ನಮ್ಮಜ್ಜನ ಅಜ್ಜನಿಗೂ ಹಿಂದಿನದು. ತೋರಾ ಓದುವವನಿಗೆ ಇದನ್ನು ಹೇಳಿಕೊಡಬೇಕೇ?

ಬಿಸಿಲು ಜಾಸ್ತಿ. ಬೇರೇನೂ ವಿಶೇಷವಿಲ್ಲ.

ಫ್ರೂಮಾ


ಆಂಟ್‌ವರ್ಪ್
ಬೆಹಾಲೋತ್ಖಾ ಓದಿನ ವಾರ, ಸೋಮವಾರ, 12 ಜೂನ್ 1995

ಅಕ್ಕಾ,

ನಿನ್ನ ಎಂಟು ಸಾಲಿನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಶಾವುಓತ್ ಹಬ್ಬ ಬಂತು, ಹೋಯಿತು. ಹಬ್ಬಕ್ಕೆ ಹಾಲಿನ ಅಡುಗೆಯಾಗಬೇಕಲ್ಲ, ರೈಜಲ್ ಮಾಡುತ್ತಿದ್ದ ಹಾಗೆ ಗಿಣ್ಣಿನ ದೋಸೆ ಹುಯ್ಯಲು ಹೋಗಿ ತಳ ಹಿಡಿಸಿದೆ. ಕೆರೆದು ತಿಂದೆ. ಒಬ್ಬನೇ ತಿನ್ನುವಾಗ ಕರಿಕಲಾದರೇನು.

ಈ ವಾರದ ಓದಿನ ಕೊನೆಯಲ್ಲಿ ಮೋಶೆಯ ಅಕ್ಕ ಮಿರ್ಯಾಮಳಿಗೆ ಚರ್ಮರೋಗ ಬರುತ್ತದೆ. ಏಳು ದಿನ ಪಾಳೆಯದ ಆಚೆ ಕೂರಿಸುತ್ತಾರೆ. ಅಷ್ಟು ದೊಡ್ಡ ಜನಸ್ತೋಮ, ಮರುಭೂಮಿಯ ದಾರಿ. ಆದರೂ ಅವಳು ಒಳಗೆ ಬರುವ ತನಕ ಯಾರೂ ಗುಡಾರ ಕೀಳಲಿಲ್ಲ. ಯಾಕೆ? ಹಿರಿಯರು ಹೇಳುವ ಉತ್ತರ ನಿನಗೇ ಗೊತ್ತು, ನೀನೇ ನನಗೆ ಹೇಳಿಕೊಟ್ಟದ್ದು. ಕೂಸು ಮೋಶೆಯನ್ನು ಬುಟ್ಟಿಯಲ್ಲಿಟ್ಟು ನದಿಗೆ ಬಿಟ್ಟಾಗ, ಏನಾಗುತ್ತದೋ ಎಂದು ದಂಡೆಯ ಜೊಂಡಿನಲ್ಲಿ ನಿಂತು ಕಾದವಳು ಅವಳು. ಒಂದು ಗಳಿಗೆ ತಮ್ಮನಿಗಾಗಿ ಕಾದಳು, ಅದಕ್ಕೆ ಇಡೀ ಜನ ಅವಳಿಗಾಗಿ ಏಳು ದಿನ ಕಾಯಿತು.

ನೀನು ಕಾಯಲಿಲ್ಲ. ಕಟ್ಟಳೆ ಕಟ್ಟಳೆ ಎಂದು ನನ್ನ ಮುಖಕ್ಕೆ ಬಾಗಿಲು ಹಾಕಿದೆ. ಕಟ್ಟಳೆ ನನಗೂ ಗೊತ್ತು. ನಾನು ಕೇಳಿದ್ದು ಕಟ್ಟಳೆಯನ್ನಲ್ಲ, ನಿನ್ನನ್ನು. “ಆಗಲ್ಲ” ಎನ್ನುವ ಬದಲು “ಆಗಲ್ಲವಲ್ಲೋ, ಏನ್ ಮಾಡ್ಲಿ” ಎಂದಿದ್ದರೆ ಸಾಕಿತ್ತು. ನಿನಗಾಗಿ ಯಾರು ಕಾಯುತ್ತಾರೋ ನೋಡೋಣ.

ಆನ್ಶೆಲ್


ಯೆರೂಸಲೇಮ್
ಶೆಲಾಖ್ ಓದಿನ ವಾರ, ಮಂಗಳವಾರ, 5755

ಆನ್ಶೆಲ್, ಪುಟ್ಟಾ,

ತಿಂಗಳಾಯಿತು ನಿನ್ನ ಕಾಗದವಿಲ್ಲ. ನನ್ನ ಕಳೆದ ಕಾಗದ ಹಾಗೆ ಇರಬಾರದಿತ್ತು. ಅಂಚೆಪೆಟ್ಟಿಗೆಗೆ ಹಾಕಿದ ಮೇಲೆ ಕೈ ತೂರಿಸಿ ತೆಗೆಯಲು ನೋಡಿದೆ. ದಾರಿಹೋಕರು ಕಳ್ಳಿ ಎಂದುಕೊಂಡರು.

ನಮ್ಮಲ್ಲಿ ಈ ವಾರ ಗೂಢಚಾರರ ಕಥೆ. ಹನ್ನೆರಡು ಜನ ಒಂದೇ ನಾಡನ್ನು ನೋಡಿ ಬಂದರು. ಹತ್ತು ಜನ ಹೆದರಿ ಬಂದರು, ಇಬ್ಬರು ದ್ರಾಕ್ಷಿ ಚೆನ್ನಾಗಿದೆ ಎಂದರು. ನನ್ನ ಡಾಕ್ಟರೂ ನನ್ನ ಹೊಟ್ಟೆಯೊಳಗೆ ಗೂಢಚಾರರನ್ನು ಕಳಿಸಿದ್ದರು. ಸಣ್ಣದೊಂದು ಗಂಟು ಇದೆಯಂತೆ. ತೆಗೆದರೆ ಆಯಿತು. ನಾನು ದ್ರಾಕ್ಷಿ ನೋಡುವ ಪೈಕಿ, ನೀನು ಹೆದರಬೇಡ.

ಹುಕ್ಕತ್ ವಾರದ ಬುಧವಾರ ಬೆಳಗ್ಗೆ ಶಸ್ತ್ರಚಿಕಿತ್ಸೆ. ಅದಕ್ಕೆ ಮೊದಲು ಬರಲಿಕ್ಕಾದರೆ ಬಾ. ಸೂಪು ಮಾಡಿಡುತ್ತೇನೆ. ನಿನಗೆ ಹೇಳಬೇಕಾದ ಒಂದು ಮಾತಿದೆ, ಕಾಗದದಲ್ಲಿ ಬರೆಯಲು ಕೂತರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಆಗದಿದ್ದರೆ ಬಿಡು, ಅಂಗಡಿ ಮುಚ್ಚಿ ಬರಬೇಕಾದ ದೊಡ್ಡ ವಿಷಯವೇನಲ್ಲ.

ಆಸ್ಪತ್ರೆ ಇಲ್ಲಿಯದಲ್ಲ, ಕಡಲ ತೀರದ ಊರಿನದು. ಪೆಸ್ಯಾ ನಾಲ್ಕು ದಿನದಿಂದ ಒಂದೇ ರಾಗ, “ಮನೆ ಪಕ್ಕದಲ್ಲೇ ಆಸ್ಪತ್ರೆ ಇಟ್ಕೊಂಡು ಎರಡು ಬಸ್ಸು ಬದಲಾಯಿಸಿ ಹೋಗ್ತಾಳಂತೆ. ತಲೆ ನೆಟ್ಟಗಿದ್ಯೇನೇ ನಿಂಗೆ?” ಕಡಲ ಗಾಳಿ ಒಳ್ಳೆಯದಲ್ಲವೇ.

ನಿನ್ನ ಅಕ್ಕ


ಆಂಟ್‌ವರ್ಪ್
ಶೆಲಾಖ್ ಓದಿನ ವಾರ, ಬುಧವಾರ, 21 ಜೂನ್ 1995

ಅಕ್ಕಾ,

ನಿನ್ನ ಕಾಗದ ನಿನ್ನೆ ಬಂತು. ನಾನು ಹೋದ ವಾರ ಒಂದು ಬರೆದು ಹಾಕಿದ್ದೇನೆ. ಅದು ಬಂದರೆ ಒಡೆಯಬೇಡ, ಒಲೆಗೆ ಹಾಕು. ಒಡೆದಾಗಿದ್ದರೆ ಕೊನೆಯ ಸಾಲನ್ನು ನಾನು ಬರೆದಿಲ್ಲ ಎಂದುಕೋ. ನಾಲಿಗೆ ಸುಟ್ಟುಹೋಗಲಿ ನನ್ನದು.

ಬರುತ್ತೇನೆ. ಹುಕ್ಕತ್ ವಾರದ ಬುಧವಾರಕ್ಕೆ ಇನ್ನೂ ಸರಿಯಾಗಿ ಎರಡು ವಾರವಿದೆ. ಸೋಮವಾರ, ಜುಲೈ ಮೂರಕ್ಕೆ ಟಿಕೆಟ್ ತೆಗೆದಿದ್ದೇನೆ. ಎರಡು ದಿನ ಮುಂಚೆ ಬಂದು ನಿನ್ನ ಸೂಪು ಕುಡಿದು, ಆಮೇಲೆ ನಿನ್ನ ಚೀಲ ಹೊತ್ತುಕೊಂಡು ಆಸ್ಪತ್ರೆಗೆ ಬರುತ್ತೇನೆ. ಆ ಹೇಳಬೇಕಾದ ಮಾತನ್ನೂ ಅಲ್ಲಿಯೇ ಹೇಳುವೆಯಂತೆ. ಹೇಳದಿದ್ದರೂ ಪರವಾಗಿಲ್ಲ. ಆದರೆ ಅಷ್ಟು ದೂರದ ಆಸ್ಪತ್ರೆ ಯಾಕೆ? ನಾನೂ ಪೆಸ್ಯಾಳ ಕಡೆ. ನೀನು ಕಡಲು ಕಂಡರೆ ಶೀತ ಎನ್ನುತ್ತಿದ್ದವಳು.

ನನ್ನದೂ ಒಂದು ಸುಳ್ಳಿದೆ, ಬರುವ ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಸಿನಗಾಗಿನಲ್ಲಿ ಓದುತ್ತಿಲ್ಲ. ಹೋದ ಚಳಿಗಾಲದಿಂದ ಕಣ್ಣಿನ ನಡುವೆ ಒಂದು ಬೂದುಬಣ್ಣದ ಕಲೆ. ಅಂಚಿನಲ್ಲಿ ಕಾಣುತ್ತದೆ, ನೋಡಬೇಕಾದ್ದು ಕಾಣುವುದಿಲ್ಲ. ಇಡೀ ತೋರಾ ಬಾಯಿಗೆ ಬರುತ್ತದೆ, ಆದರೆ ನಿನಗೆ ಗೊತ್ತಲ್ಲ, ಸುರುಳಿಯಲ್ಲಿ ಕಂಡು ಓದಬೇಕೇ ಹೊರತು ಬಾಯಿಪಾಠ ಒಪ್ಪಿಸುವ ಹಾಗಿಲ್ಲ. ಒಂದು ಸಬ್ಬತ್ ದಿನ ಸಾಲು ತಪ್ಪಿದೆ. ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು. ಈಗ ಲೈಬಿಷ್ ಎನ್ನುವವನು ಓದುತ್ತಾನೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವನು ತಪ್ಪಿದರೆ ಕೂಗಿ ತಿದ್ದುತ್ತೇನೆ. “ಆನ್ಶೆಲ್ ಅವರೇ, ಕಣ್ಣಿಲ್ಲದಿದ್ರೂ ಬಿಡಲ್ವಲ್ಲ ನೀವು” ಎಂದು ನಗುತ್ತಾನೆ. ಒಳ್ಳೆಯವನು. ನಿನ್ನ ಕಾಗದಗಳನ್ನು ಭೂತಗನ್ನಡಿ ಹಿಡಿದು, ಒಂದೊಂದೇ ಪದ ಹೆಕ್ಕಿ ಓದುತ್ತೇನೆ. ಅದಕ್ಕೇ ನಿನ್ನ ಎಂಟು ಸಾಲು ಅಷ್ಟು ಹೊತ್ತು ಚುಚ್ಚಿದ್ದು.

ಜುಲೈ ಮೂರು. ಕಾಯುತ್ತಿರು.

ನಿನ್ನ ತಮ್ಮ


ಕಡಲ ತೀರದ ಆಸ್ಪತ್ರೆ
ಹುಕ್ಕತ್ ಓದಿನ ವಾರ, ಮಂಗಳವಾರ ಸಂಜೆ, 5755

ನನ್ನ ಪುಟ್ಟಾ,

ಅಯ್ಯೋ ದಡ್ಡ! ಮೂವತ್ತೊಂದು ವರ್ಷ ತೋರಾ ಓದಿದವನೇ! ನಾವು ಒಂದು ವಾರ ಮುಂದೆ ಎಂದು ಬರೆದಿರಲಿಲ್ಲವೇ? ನಿನ್ನ ಹುಕ್ಕತ್ ಮುಂದಿನ ವಾರ, ನನ್ನದು ಈ ವಾರ. ನಿನ್ನ ಕಾಗದ ಇವತ್ತು ಮಧ್ಯಾಹ್ನ, ನಾನು ಚೀಲ ಹಿಡಿದು ಬಾಗಿಲು ಎಳೆದುಕೊಳ್ಳುವಾಗ ಬಂತು. ಬಸ್ಸಿನಲ್ಲಿ ಓದಿದೆ. ನಾಳೆ ಬೆಳಗ್ಗೆ ಏಳಕ್ಕೆ ನನ್ನನ್ನು ಒಳಗೆ ಕರೆದೊಯ್ಯುತ್ತಾರೆ.

ತಪ್ಪು ನಿನ್ನದಲ್ಲ. ನಿನ್ನ ಹಾಗೆ ಕಾಗದದ ನೆತ್ತಿಯಲ್ಲಿ ಬೀದಿಯ ತಾರೀಕು ಬರೆಯುವುದು ನನಗೆ ಮೊದಲಿನಿಂದಲೂ ಅವಮಾನ. ಬರೆದಿದ್ದರೆ ನೀನು ಈಗ ಇಲ್ಲಿರುತ್ತಿದ್ದೆ. ಜಂಬ ಎಂದೆನಲ್ಲ ಮೊದಲ ಕಾಗದದಲ್ಲಿ, ಅದೇ.

ಫೋನ್ ಬೇಡ ಎಂದವಳೂ ನಾನೇ. ಆದರೂ ಕೆಳಗೆ ಇಳಿದು, ಕಾರ್ಡ್ ಕೊಂಡು, ನಿನ್ನ ನಂಬರು ತಿರುಗಿಸಿದೆ. ಹನ್ನೊಂದು ಸಲ ಹೊಡೆದುಕೊಂಡಿತು. ಸಂಜೆಯ ಪ್ರಾರ್ಥನೆಗೆ ಹೋಗಿರುತ್ತೀಯ. ಇನ್ನೊಮ್ಮೆ ಮಾಡೋಣವೆಂದರೆ ನರ್ಸು ಬಂದು, “ಅಜ್ಜಿ, ಮಲಗ್ಬೇಕು, ನಡೀರಿ” ಎಂದು ಕೈ ಹಿಡಿದಳು. ನಿನ್ನ ದನಿ ಈಗ ಹೇಗಿದೆಯೋ. ನನ್ನ ತಲೆಯೊಳಗೆ ಇನ್ನೂ ನಲವತ್ತೆರಡರ ದನಿಯೇ ಇದೆ.

ಕಣ್ಣಿನ ವಿಷಯ ಓದಿದೆ, ಪುಟ್ಟಾ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೋಡು.

ಹೇಳಬೇಕಾದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಿನ್ನ ಮಿರ್ಯಾಮ್ ಕಾಗದವನ್ನು ಒಡೆದೆ, ಒಲೆಗೆ ಹಾಕಲಿಲ್ಲ. ನೀನು ಕೇಳಿದ್ದು ಸರಿ. ಕಟ್ಟಳೆ ಇದ್ದದ್ದು ನಿಜ, ಆದರೆ ನಾನು ಅದರ ಹಿಂದೆ ಅವಿತುಕೊಂಡೆ. ಹೂಳುವ ಸಂಘದವರು ಅವತ್ತು ಕೇಳಿದರು, “ಮಗ ಬರ್ತಿದ್ದಾನಾ? ಒಂದು ರಾತ್ರಿ ಇಡಬಹುದಾ ಅಂತ ದೊಡ್ಡ ಗುರುಗಳನ್ನ ಕೇಳಿ ನೋಡೋಣ್ವಾ?” ಬೇಡ ಎಂದೆ. ಅವರು ಇರಲಿ ಎಂದುಬಿಟ್ಟರೆ ಅಪ್ಪನ ಹೆಣದ ಪಕ್ಕ ಆ ರಾತ್ರಿ ನಾನೊಬ್ಬಳೇ ಕೂರಬೇಕಿತ್ತು. ನನಗೆ ಭಯವಾಯಿತು, ಆನ್ಶೆಲ್. ಅಷ್ಟೇ. ಇಷ್ಟು ದೊಡ್ಡ ಟೀಚರಮ್ಮ, ಸತ್ತ ಅಪ್ಪನಿಗೆ ಹೆದರಿದಳು. ನಿನಗೆ ಹೇಳಲು ನಾಚಿಕೆಯಾಯಿತು, ನಾಚಿಕೆಯ ಬದಲು ಕಟ್ಟಳೆ ಹೇಳಿದೆ. ಹತ್ತೊಂಬತ್ತು ವರ್ಷ ಹೇಳುತ್ತಲೇ ಬಂದೆ.

ನೀನು ಸೋಮವಾರ ಬಾ. ಸೂಪು ಪೆಸ್ಯಾಳ ಫ್ರಿಜ್ಜಿನಲ್ಲಿದೆ. ಮಿಕ್ಕಿದ್ದನ್ನೆಲ್ಲ ಅವಳಿಗೆ ಹೇಳಿದ್ದೇನೆ. ಕಾಗದವನ್ನು ನರ್ಸಿನ ಕೈಯಲ್ಲಿ ಅಂಚೆಗೆ ಕೊಡುತ್ತೇನೆ.

ಇಲ್ಲಿಂದ ಕಡಲು ಕಾಣುವುದಿಲ್ಲ, ಕಾರು ನಿಲ್ಲಿಸುವ ಜಾಗ ಕಾಣುತ್ತದೆ.

ನಿನ್ನ ಅಕ್ಕ


ಆಂಟ್‌ವರ್ಪ್
ಬಾಲಾಕ್ ಓದಿನ ವಾರ, ಭಾನುವಾರ, 9 ಜುಲೈ 1995

ಅಕ್ಕಾ,

ಈ ಕಾಗದವನ್ನು ಎಲ್ಲಿಗೂ ಹಾಕುವುದಿಲ್ಲ. ನಿನ್ನವುಗಳ ಜೊತೆ ಟೋಪಿ ಡಬ್ಬಿಯಲ್ಲಿಡುತ್ತೇನೆ. ಆದರೆ ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಬಿಟ್ಟವನು ಎಂದು ಅನ್ನಿಸಿಕೊಳ್ಳಲಾರೆ.

ಆ ಮಂಗಳವಾರ ಸಂಜೆ ಮೆಟ್ಟಿಲು ಹತ್ತುವಾಗ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಬೀಗದ ಕಿಂಡಿ ಕಣ್ಣಿಗೆ ಸಿಗಲಿಲ್ಲ, ಬೆರಳಲ್ಲಿ ತಡವಿ ತಡವಿ ತೆಗೆಯುವಷ್ಟರಲ್ಲಿ ನಿಂತಿತು. ಯಾರೋ ಟೋಪಿಯವರು ಎಂದುಕೊಂಡು ಟೀ ಮಾಡಿಕೊಂಡೆ. ದೇವರೇ, ಟೀ ಮಾಡಿಕೊಂಡೆ.

ಬುಧವಾರ ಸಂಜೆ ಮತ್ತೆ ಫೋನು. ಈ ಸಲ ಪೆಸ್ಯಾ. ಹೆಸರು ಹೇಳಿ ಅತ್ತಳು, ನನಗೆ ಗೊತ್ತಾಯಿತು. “ಏನಮ್ಮಾ ಇದು, ಮುಂದಿನ ಬುಧವಾರ ಅಲ್ವಾ?” ಎಂದೆ. ಆಗ ಹೊಳೆಯಿತು. ನಿನ್ನ ಕಾಗದದ ನೆತ್ತಿಯ ಮೇಲೆ ಶೆಲಾಖ್ ಎಂದಿತ್ತು, ಓದುವಾಗ ನಾನೂ ಶೆಲಾಖ್ ವಾರದಲ್ಲೇ ಕೂತಿದ್ದೆ. ಇಬ್ಬರೂ ಒಂದೇ ವಾರದಲ್ಲಿದ್ದೇವೆ ಎಂದುಕೊಂಡೆ. ಇಂಥ ತಪ್ಪನ್ನು ಲೈಬಿಷ್ ಮಾಡಿದ್ದರೆ ಕೂಗಿ ಹೇಳುತ್ತಿದ್ದೆ.

ಟಿಕೆಟ್ಟು ನಾಳೆಗಿಂತ ಮೊದಲು ಸಿಗುವುದಿಲ್ಲ, ನನ್ನ ಹಣೆಬರಹವೇ ಇದು, ಮಣ್ಣು ಮುಚ್ಚಿದ ಮೇಲೆ ಬರುವುದು ಎಂದು ಗೋಳಾಡಿದೆ. ಪೆಸ್ಯಾ ಗದರಿದಳು. “ಸುಮ್ನಿರಪ್ಪ ಸ್ವಲ್ಪ. ಓಡಿಬರೋಕೆ ಹೋಗಿ ಕೈಕಾಲು ಮುರ್ಕೋಬೇಡ. ನಾಳೆ ನೀನು ಬರೋ ತನಕ ಇಡ್ತಾರೆ. ಅವಳೇ ಎಲ್ಲಾ ಏರ್ಪಾಡು ಮಾಡಿದ್ದಾಳೆ.” ನನಗೆ ಅರ್ಥವಾಗಲಿಲ್ಲ. ಯೆರೂಸಲೇಮಿನಲ್ಲಿ ಇಡುವುದಿಲ್ಲವಲ್ಲ ಎಂದೆ. “ಯೆರೂಸಲೇಮಲ್ಲಿ ಸತ್ತಿದ್ರೆ ತಾನೇ?” ಎಂದಳು.

ಗುರುವಾರ ಮಧ್ಯಾಹ್ನ ಬಂದಿಳಿದೆ. ಹೂಳುವ ಸಂಘದ ಮುದುಕರು ಅಲ್ಲೇ ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಂತಿದ್ದರು. “ನಿಮ್ಮಕ್ಕ ಪೂರಿಮ್ ಹಬ್ಬದ ಮಾರನೇ ದಿನವೇ ನಮ್ಮ ಹತ್ರ ಬಂದಿದ್ರು” ಎಂದರು ಅವರಲ್ಲೊಬ್ಬರು. “ಡಾಕ್ಟರು ಅವತ್ತಿಗೇ ಕೈಬಿಟ್ಟಿದ್ರಂತೆ, ಆಪರೇಷನ್ ಮಾಡಿದ್ರೂ ಉಳಿಯೋದು ಕಷ್ಟ ಅಂತ. ಊರಾಚೆ ಸತ್ರೆ ಒಂದು ರಾತ್ರಿ ಕಾಯಬಹುದಾ ಅಂತ ಕೇಳಿದ್ರು. ಬಂಧುಗಳಿಗೋಸ್ಕರ ಆದ್ರೆ ಕಾಯಬಹುದಮ್ಮಾ ಅಂದೆ. ಹಾಗಾದ್ರೆ ನಾನು ಊರಾಚೆನೇ ಸಾಯ್ತೀನಿ ಅಂದ್ರು. ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಇಂಥ ಮಾತು ಕೇಳಿರಲಿಲ್ಲ.” ಪೂರಿಮ್ ಆಗಿ ನಾಲ್ಕನೆಯ ದಿನ ನೀನು ನನಗೆ ಮೊದಲ ಕಾಗದ ಬರೆದಿದ್ದೆ. ಕಡಲ ಗಾಳಿಯಂತೆ! ನಾನು ನಂಬಿದೆನಲ್ಲ.

ನಿನ್ನ ಮುಖ ನೋಡಿದೆ. ಅಂಚಿನ ಕಣ್ಣಿನಲ್ಲಿ ನೋಡಿದೆ, ತಲೆ ಓರೆ ಮಾಡಿ. ಕಟ್ಟಳೆಯಂತೆ ಅಂಗಿ ಹರಿದುಕೊಂಡೆ. ಸಂಜೆಯೊಳಗೆ ಗುಡ್ಡಕ್ಕೆ ತಂದು, ಅಪ್ಪನಿಗಿಂತ ನಾಲ್ಕು ಸಾಲು ಕೆಳಗೆ ಇಳಿಸಿದೆವು. ಮೊದಲ ಮಣ್ಣು ನಾನು ಹಾಕಿದೆ, ಕೊನೆಯದೂ ನಾನೇ. ಸಲಿಕೆಯನ್ನು ಯಾರ ಕೈಗೂ ಕೊಡಲಿಲ್ಲ.

ಸೂತಕದ ಏಳು ದಿನ ನಿನ್ನ ಮನೆಯಲ್ಲಿ ನೆಲದ ಹತ್ತಿರದ ಸ್ಟೂಲಿನ ಮೇಲೆ ಕೂತೆ, ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ ಹೇಳಿದೆ. ಎದ್ದ ದಿನ ಬುಧವಾರ, ಜುಲೈ ಐದು. ನಾನು ನಿನ್ನ ಚೀಲ ಹೊರಬೇಕಿದ್ದ ದಿನ. ಸೂಪು ಕುಡಿದೆ. ಉಪ್ಪು ಜಾಸ್ತಿಯಾಗಿತ್ತು.

ಇಲ್ಲಿಗೆ ಬಂದರೆ ಬಾಗಿಲ ಸಂದಿಯಲ್ಲಿ ನಿನ್ನ ದೊಡ್ಡ ಅಕ್ಷರದ ಕಾಗದ. ಶುಕ್ರವಾರ ಪೂರ್ತಿ ಅದನ್ನೇ ಓದಿದೆ, ದೀಪ ಹಚ್ಚುವ ಹೊತ್ತಿನವರೆಗೆ. ನೀನು ಹೆದರಿದ್ದೆಯೆಂದು ಹತ್ತೊಂಬತ್ತು ವರ್ಷದ ಹಿಂದೆ ಹೇಳಿದ್ದರೆ ನಾನು ಏನೆನ್ನುತ್ತಿದ್ದೆ? ಆಗಲೂ ಬೈಯುತ್ತಿದ್ದೆನೇನೋ. ಗೊತ್ತಿಲ್ಲ. ಮೊದಲ ಸಲ ಓದಿ ಮುಗಿಸಿದ ಕೂಡಲೇ ಪೆಸ್ಯಾಗೆ ಫೋನ್ ಮಾಡಿ ಒಂದೇ ಮಾತು ಕೇಳಿದೆ, ಆ ರಾತ್ರಿ ನಿನ್ನ ಪಕ್ಕದಲ್ಲಿ ಯಾರಿದ್ದರು ಎಂದು. “ನಾನೇ ಇದ್ದೆ ಕಣಪ್ಪ. ಒಬ್ಬಳನ್ನೇ ಬಿಡ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು” ಎಂದಳು. ಸಮಾಧಾನವಾಯಿತು.

ನಿನ್ನೆ ಸಬ್ಬತ್. ನಿಮ್ಮಲ್ಲಿ ಹುಕ್ಕತ್ ಮುಗಿದು ಒಂದು ವಾರ. ಅಲ್ಲಿ ನೆಲದ ಮೇಲೆ ಕೂತಿದ್ದ ವಾರ ನಿಮ್ಮ ಬೀದಿಯ ಸಿನಗಾಗಿನಲ್ಲಿ ಅದನ್ನು ಕೇಳಿದ್ದೆ. ಮಿರ್ಯಾಮ್ ಸತ್ತಳು, ಅಲ್ಲೇ ಹೂಳಿದರು, ಜನಕ್ಕೆ ನೀರಿಲ್ಲದೆ ಹೋಯಿತು. ಅಷ್ಟೇ, ಒಂದೂವರೆ ಸಾಲು. ಅವಳ ತಮ್ಮ ಅತ್ತನೋ ಇಲ್ಲವೋ ಎಂದು ಕೂಡ ಬರೆದಿಲ್ಲ. ಆಮೇಲೆ ಅವನು ಸಿಟ್ಟಿನಿಂದ ಬಂಡೆಗೆ ಹೊಡೆಯುತ್ತಾನೆ.

ನಮ್ಮ ಊರು ಒಂದು ವಾರ ಹಿಂದೆ. ಇಲ್ಲಿ ನಿನ್ನೆಯೇ ಹುಕ್ಕತ್. ಲೈಬಿಷ್ ಓದುತ್ತಾ ಬಂದ. ನಾನು ಹಿಂದಿನ ಬೆಂಚಿನಲ್ಲಿ ಕೂತು ಬಾಯಲ್ಲೇ ಅವನ ಜೊತೆ ಬರುತ್ತಿದ್ದೆ. ಜನರೆಲ್ಲ ಚಿನ್ ಅರಣ್ಯಕ್ಕೆ ಬಂದರು, ಕಾದೇಶಿನಲ್ಲಿ ಇಳಿದರು. ಮುಂದಿನ ಪದ ‘ಸತ್ತಳು’ ಎಂದು ನನಗೆ ಗೊತ್ತು. ಈ ಊರಿನಲ್ಲಿ ಅದನ್ನು ಇನ್ನೂ ಯಾರೂ ಓದಿಲ್ಲ. ನನಗೇ ಗೊತ್ತಿಲ್ಲದೆ ಎದ್ದು ನಿಂತು ಕೂಗಿದೆ, “ತಡಿ!”

ಲೈಬಿಷ್ ಗಕ್ಕನೆ ನಿಂತ. ತಪ್ಪು ಓದಿದೆನೇನೋ ಎಂದು ಸುರುಳಿಯ ಮೇಲೆ ಬಗ್ಗಿ ಹಿಂದಿನ ಪದಗಳನ್ನು ಹುಡುಕಿದ. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಯಾರೋ ಕೆಮ್ಮಿದರು. ಇಡೀ ಸಿನಗಾಗ್ ಕಾಯಿತು, ಅಕ್ಕಾ.

“ಎಲ್ಲಿ ತಪ್ಪಿದೆ, ಆನ್ಶೆಲ್ ಅವರೇ?” ಎಂದ.

ಅವನು ಸಾಲು ತೋರಿಸುವ ಕಡ್ಡಿಯನ್ನು ಅದೇ ಪದದ ಮೇಲೆ ಇಟ್ಟುಕೊಂಡು ನಿಂತೇ ಇದ್ದ.

ಆಮೇಲೆ, “ತಪ್ಪಿಲ್ಲ, ಓದು” ಎಂದೆ. ಅವನು ಓದಿದ.

ನಿನ್ನ ತಮ್ಮ,
ಆನ್ಶೆಲ್